ಹನ್ನೊಂದು ಮಿಲಿಮೀಟರ್

"ತಳ್ಳು."

"ತಳ್ತಾನೇ ಇದೀನಪ್ಪ."

"ಇದನ್ನ ತಳ್ಳೋದು ಅಂತಾರಾ? ತೊಟ್ಟಿಲು ತೂಗ್ದಂಗೈತೆ. ಸೊಂಟ ಕೊಟ್ಟು ತಳ್ಳೇ!"

ಗೇನರ್ ಸೊಂಟ ಕೊಟ್ಟು ತಳ್ಳಿದಳು. ಕಾರಿನ ಎಡಬಾಗಿಲು ಹಿಂದಿನ ಕಂಬಕ್ಕೆ ಢಬ್ಬೆಂದು ಬಡಿದು ಮತ್ತೆ ಅವಳ ತೊಡೆಗೇ ಬಂದು ಹೊಡೆಯಿತು. ಬೆಳಗ್ಗಿನಿಂದ ಇದು ಹನ್ನೆರಡನೆಯ ಸಲವೋ ಹದಿಮೂರನೆಯದೋ. ಬಾಗಿಲಿನ ಅಂಚಿನ ಬಿಳಿ ಫೈಬರ್ ಪುಡಿಪುಡಿಯಾಗಿ ಅವಳ ಬೂಟಿನ ಮೇಲೆ ಉದುರಿತು. ಬಲಬಾಗಿಲು ಮಾತ್ರ ಒಳ್ಳೆಯ ಮನೆತನದ ಸೊಸೆಯಂತೆ ಸದ್ದಿಲ್ಲದೆ ಹೋಗಿ ಕೂರುತ್ತಿತ್ತು.

ಹಾರೇಸ್ ಪಿಕ್‌ವರ್ತ್ ತಿರುಗುಮೊಳೆಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಅರವತ್ತೇಳು ವರ್ಷದ ಗಟ್ಟಿ ಆಳು. ಟಿಪ್ಟನ್ ಊರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ನಲವತ್ತು ವರ್ಷ ಸೈನು ಹಾಕಿದವನು, ಅಂದರೆ ಬೇರೆಯವರ ಕೆಲಸಕ್ಕೆ ಸರಿ-ತಪ್ಪು ಹೇಳಿದವನು. ಇತ್ತೀಚೆಗೆ ಅವನಿಗೊಂದು ಅಭ್ಯಾಸವಾಗಿತ್ತು. ಮಗಳೊಡನೆ ಮಾತಾಡುವಾಗ ನೆಟ್ಟಗೆ ನೋಡುತ್ತಿರಲಿಲ್ಲ. ಕೋಳಿಯ ಹಾಗೆ ಕತ್ತು ಓರೆ ಮಾಡಿ, ಪಕ್ಕದಿಂದ ನೋಡುತ್ತಿದ್ದ. ಆ ನೋಟ ಕಂಡರೆ ಗೇನರ್‌ಗೆ ಮೈಯೆಲ್ಲ ಉರಿಯುತ್ತಿತ್ತು.

"ನಾನು ಮೊದಲೇ ಹೇಳಿದ್ನಾ ಇಲ್ವಾ? ಚಾಸಿ ಎಳ್ಕೊಂಡೈತೆ. ನಿನ್ನ ವೆಲ್ಡಿಂಗ್ ಬಿಸಿಗೆ ಎಡಗಡೆ ಎಳ್ಕೊಂಡು ಬಾಡೀನೂ ಎಳೆದೈತೆ."

"ಚಾಸಿ ಎಳ್ಕೊಂಡಿಲ್ಲ. ಮೂಲೆಯಿಂದ ಮೂಲೆಗೆ ಎರಡು ಸಲ ಅಳೆದಿದೀನಿ. ಬಾಡೀನೇ ಎಡಗಡೆ ಗಿಡ್ಡ. ಅಚ್ಚಿನಲ್ಲೇ ಹಂಗೆ ಬಂದಿದೆ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ."

"ಟೇಪು ಇಲ್ಲೇ ಇದೆ. ನೀನೇ ನೋಡು."

ಅವಳು ಟೇಪು ಎಳೆದು ಹಿಡಿದಳು. ಹಾರೇಸ್ ಅದರ ಕಡೆ ತಲೆಯನ್ನೂ ತಿರುಗಿಸಲಿಲ್ಲ. "ಮಿಲಿಮೀಟರ್ ಟೇಪು! ಫ್ರೆಂಚರ ಅಳತೆ ಇಟ್ಕೊಂಡು ನನಗೆ ಪಾಠ ಹೇಳ್ತಾಳೆ," ಎಂದು ಕೈ ಒರೆಸಿಕೊಳ್ಳುತ್ತ ಮನೆಯೊಳಗೆ ನಡೆದ.

ಒಳಗಿನಿಂದ ಅಮ್ಮ ಐರಿಸ್ ಕೂಗಿದಳು. "ಮಾಂಸ ಆರಿ ಹೋಗ್ತಿದೆ! ತಿಂದು ಕಿತ್ತಾಡಿ. ಹೊಟ್ಟೆ ತುಂಬಿದ್ರೆ ಗಂಟಲೂ ಚೆನ್ನಾಗಿ ಬರತ್ತೆ."

ಕಾರು ಬಂದಾಗ ಅದು ಕಾರಾಗಿರಲಿಲ್ಲ. ಎರಡು ವರ್ಷದ ಹಿಂದೆ ಲಿಂಕನ್‌ಶೈರ್ ಕಡೆಯ ಒಬ್ಬಾತ ತನ್ನ ಕೊಟ್ಟಿಗೆಯಿಂದ ಲಾರಿಯಲ್ಲಿ ತಂದು ಇಳಿಸಿಹೋದದ್ದು ಒಂದು ಫೈಬರ್ ಬಾಡಿ, ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಕತ್ತರಿಸಿದ ಉಕ್ಕಿನ ಕೊಳವೆಗಳ ಒಂದು ಕಟ್ಟು, ಏಳು ರಟ್ಟಿನ ಪೆಟ್ಟಿಗೆ ಮತ್ತು ಹದಿನಾಲ್ಕು ಪುಟದ ಒಂದು ಪುಸ್ತಕ. ಎಂಜಿನ್, ಗೇರು, ಸ್ಟೀರಿಂಗು ಎಲ್ಲವನ್ನೂ ಹಳೆಯ ಕಾರೊಂದನ್ನು ಬಿಚ್ಚಿ ತೆಗೆದುಕೊಳ್ಳಬೇಕು. ನಿವೃತ್ತನಾದ ದಿನದಿಂದ ಹಾರೇಸ್ ಕಂಡ ಕನಸು ಇದು: ತೆರೆದ ಟಾಪಿನ ಎರಡು ಸೀಟಿನ ಹಸಿರು ಕಾರು, ಪಕ್ಕದಲ್ಲಿ ಐರಿಸ್, ಬಾರ್‌ಮತ್ ಕಡಲತೀರಕ್ಕೆ ಸವಾರಿ. ಬೆಸೆಯುವ ಕೆಲಸ ಅವನಿಗೆ ಬರುತ್ತಿರಲಿಲ್ಲ. ಮಗಳಿಗೆ ಬರುತ್ತಿತ್ತು. ಗೇನರ್ ಹದಿನೈದು ವರ್ಷದಿಂದ ಕಾಲುವೆ ದಂಡೆಯ ಯಾರ್ಡಿನಲ್ಲಿ ದೋಣಿಗಳ ಉಕ್ಕಿನ ಹೊಟ್ಟೆ ಬೆಸೆಯುತ್ತಿದ್ದಳು. "ಭಾನುವಾರ ಬಾ, ಸ್ವಲ್ಪ ಕೈ ಹಾಕು," ಎಂದಿದ್ದ. ಅವನು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳು ಹಿಗ್ಗಿ ಬಂದಿದ್ದಳು.

ಹಿಗ್ಗು ಎರಡು ತಿಂಗಳೂ ಉಳಿಯಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು ಆ ಕಾರಿನ ಸಂಸಾರ. ಎಂಜಿನ್ ಕೂರುವ ಕಾಲು ಒಂದು ಕಾರಿನದು, ಚಾಸಿಯ ತೂತು ಇನ್ನೊಂದಕ್ಕೆ ಕೊರೆದದ್ದು. ಗಾಜಿನ ಕಟ್ಟು ಬಿಲ್ಲಿನಂತೆ ಬಾಗಿ ಬಂದಿತ್ತು. ಗಾಜು ಬಾಗಿರಲಿಲ್ಲ. ಪೆಟ್ರೋಲು ಟ್ಯಾಂಕಿನ ಪಟ್ಟಿ ಟ್ಯಾಂಕಿಗಿಂತ ನಾಲ್ಕು ಬೆರಳು ಮೋಟು. ಪುಸ್ತಕ ತೆರೆದರೆ ಪ್ರತಿ ಪುಟದ ಕೊನೆಗೂ ಒಂದೇ ಮಾತು: 'ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.' ಒಂದು ಭಾನುವಾರ ಗೇನರ್ ಆ ಪುಸ್ತಕವನ್ನು ಗೋಡೆಗೆ ಬೀಸಿ ಎಸೆದಿದ್ದಳು. ಲಿಂಕನ್‌ಶೈರಿನವನಿಗೆ ಫೋನು ಮಾಡಿದರೆ ಮೊದಮೊದಲು "ನಿಮ್ಮನ್ನ ಬಿಟ್ಟು ಬೇರೆ ಯಾರದ್ದೂ ತಕರಾರಿಲ್ಲ," ಎನ್ನುತ್ತಿದ್ದ. ಆಮೇಲೆ ಆ ನಂಬರೇ ಸತ್ತಿತು.

ಕೈಗೆ ಸಿಗದವನ ಮೇಲಿನ ಸಿಟ್ಟನ್ನು ಹಾರೇಸ್ ಸಿಕ್ಕವಳ ಮೇಲೆ ತೀರಿಸಿಕೊಂಡ. ಬಾನೆಟ್ಟು ಕೂರದಿದ್ದರೆ ಅವಳ ಬೆಸುಗೆ, ಚಕ್ರ ಉಜ್ಜಿದರೆ ಅವಳ ಬೆಸುಗೆ.

ಸ್ಟೀರಿಂಗಿನದೇ ದೊಡ್ಡ ತಲೆನೋವಾಗಿತ್ತು. ಹಳೆಯ ಕಾರಿನ ಸ್ಟೀರಿಂಗ್ ಕಂಬದ ತುದಿಗೆ ಒಂದು ಬಗೆಯ ಸಣ್ಣ ಹಲ್ಲು, ಅದನ್ನು ಚಕ್ರಗಳ ಕಡೆಗೆ ಜೋಡಿಸಲೆಂದು ಪೆಟ್ಟಿಗೆಯಲ್ಲಿ ಬಂದ ಜಾಯಿಂಟಿನೊಳಗೆ ಇನ್ನೊಂದು ಬಗೆಯದು. ಕಂಬ ತುಸು ದಪ್ಪ. ಗೇನರ್ ಹೇಳಿದ್ದಳು: "ಲೆಸ್ಟರ್‌ನಲ್ಲಿ ಒಂದು ವರ್ಕ್‌ಶಾಪಿದೆ, ಹಲ್ಲಿನ ಲೆಕ್ಕ ಕೊಟ್ರೆ ಸರಿಯಾದ ಜಾಯಿಂಟ್ ಮಾಡಿ ಕೊಡ್ತಾರೆ. ಆರು ವಾರ ಆಗತ್ತೆ." ಮುಂದಿನ ಭಾನುವಾರ ಬರುವಷ್ಟರಲ್ಲಿ ಹಾರೇಸ್ ಜಾಯಿಂಟ್ ಕೂರಿಸಿ, ಮೇಲೆ ಕಪ್ಪು ಬಣ್ಣವನ್ನೂ ಬಳಿದಾಗಿತ್ತು.

"ಹೆಂಗೆ ಕೂತ್ಕೊಳ್ತು?"

"ಕೈಯಲ್ಲಿ ಕಸುಬಿದ್ರೆ ಕೂತ್ಕೊಳತ್ತೆ. ನೀನು ನಿನ್ನ ಬಾಗಿಲು ನೋಡ್ಕೋ."

ಬಾಗಿಲಿನ ಜಗಳದ ಮರುದಿನ, ಸೋಮವಾರ, ಯಾರ್ಡಿನಲ್ಲಿ ಹೊಸ ದೋಣಿಯ ತಳದ ಬೆಸುಗೆ ಶುರುವಾಗಬೇಕಿತ್ತು. ತಳದ ಬೆಸುಗೆ ಯಾವಾಗಲೂ ಗೇನರ್‌ದೇ. ನೀರು ನುಗ್ಗುವುದಿದ್ದರೆ ಅಲ್ಲಿಂದಲೇ ನುಗ್ಗಬೇಕು. ಅವಳು ಮುಖವಾಡ ತೆಗೆದುಕೊಂಡು ಹೋಗುವಷ್ಟರಲ್ಲಿ ಬೇರೊಬ್ಬ ದೋಣಿಯಡಿ ಮಲಗಿ ಕಿಡಿ ಹಾರಿಸುತ್ತಿದ್ದ. ಯಾರ್ಡಿನ ಯಜಮಾನ ಎನಾಕ್ ತನ್ನ ಚಹಾದ ಮಗ್ಗಿನೊಳಗೆ ಏನೋ ಬಿದ್ದಿರುವಂತೆ ಅದನ್ನೇ ನೋಡುತ್ತ ನಿಂತ.

"ಏನ್ ಸ್ವಾಮಿ ಇದು?"

"ಈ ಸಲ ನೀನು ಬೇಲಿ ಕಂಬಿ ಕೆಲಸ ನೋಡಮ್ಮ."

"ಯಾಕೆ ಅಂತ ಹೇಳಿ."

"ಪಬ್ಬಿನಲ್ಲಿ ವಿಲ್ಫ್ ಸಿಕ್ಕಿದ್ದ, ನಿಮ್ಮಪ್ಪನ ದೋಸ್ತು. ನಿಮ್ಮಪ್ಪನ ಕಾರಿನ ಚಾಸಿ ನೀನು ಬೆಸೆದು ಬಾಳೆಹಣ್ಣಿನಂಗೆ ಬಗ್ಗಿಸಿದೀಯಂತೆ. ನಿಮ್ಮಪ್ಪನೇ ಎಲ್ಲರ ಮುಂದೆ ಹೇಳಿದ್ನಂತೆ." ಎನಾಕ್ ಮಗ್ಗನ್ನು ಕೆಳಗಿಟ್ಟ. "ದೋಣಿ ಮಾಡಿಸೋನೂ ಅದೇ ಪಬ್ಬಿಗೆ ಬರ್ತಾನಮ್ಮ. ನಾನೇನು ಮಾಡ್ಲಿ?"

ಗೇನರ್ ಆ ದಿನವೆಲ್ಲ ಬೇಲಿ ಕಂಬಿ ಬೆಸೆದಳು. ಹದಿನೈದು ವರ್ಷದಲ್ಲಿ ಅವಳು ಬೆಸೆದ ಒಂದು ದೋಣಿಯೂ ಒಸರಿರಲಿಲ್ಲ. ಆ ಮಾತನ್ನು ಅಪ್ಪನಿಗೆ ಹೇಳುವ ಸಂದರ್ಭವೂ ಬಂದಿರಲಿಲ್ಲ, ಅವನು ಒಂದು ದಿನವೂ ಯಾರ್ಡಿಗೆ ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನ ರಜೆ ಹಾಕಿ, ಯಾರ್ಡಿನ ಉದ್ದನೆಯ ಉಕ್ಕಿನ ಪಟ್ಟಿ, ತೂಕದ ಗುಂಡು, ಸೀಮೆಸುಣ್ಣ ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಅವಳು ತೌರಿಗೆ ಹೋದಳು. ಜಗಳಕ್ಕೆ ಸಜ್ಜಾಗಿಯೇ ಹೋಗಿದ್ದಳು. ಮನೆಯಲ್ಲಿ ಅಪ್ಪನಿರಲಿಲ್ಲ.

"ಎಲ್ಲಿಗೆ ಹೋಗಿದಾನೆ?"

ಐರಿಸ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿದಳು. "ಕಣ್ಣಿನ ಆಸ್ಪತ್ರೆಗೆ. ನಿಂಗೆ ಹೇಳಬೇಡ ಅಂದಿದಾನೆ. ಹೇಳಿದೀನಿ, ಹೋಗು."

"ಕಣ್ಣಿಗೇನಾಗಿದೆ?"

"ನಡುವಿನ ಭಾಗ ಹೋಗಿದೆಯಂತೆ. ಎರಡೂ ಕಣ್ಣಿಂದು. ಅಂಚು ಮಾತ್ರ ಕಾಣತ್ತೆ. ನನ್ನ ಮುಖ ನೋಡ್ಬೇಕಂದ್ರೆ ನನ್ನ ಕಿವಿ ನೋಡ್ತಾನೆ." ಅವಳ ದನಿಯಲ್ಲಿ ಕನಿಕರಕ್ಕಿಂತ ಹೆಚ್ಚಾಗಿ ಬೇಸರವಿತ್ತು. "ಒಂದು ವರ್ಷ ಆಯ್ತು."

ಗೇನರ್ ವ್ಯಾನಿನ ಸಾಮಾನನ್ನೆಲ್ಲ ಗ್ಯಾರೇಜಿಗೆ ಇಳಿಸಿದಳು. ಓರೆ ನೋಟದ ಅರ್ಥ ಈಗ ತಿಳಿದಿತ್ತು. ಹಾಗಂತ ಸಿಟ್ಟೇನೂ ಕಡಿಮೆಯಾಗಲಿಲ್ಲ. ಕಾಣದ ಕಣ್ಣಿಟ್ಟುಕೊಂಡು ತನ್ನ ಬೆಸುಗೆಗೆ ಹೆಸರಿಟ್ಟನಲ್ಲ ಎಂದು ಇನ್ನಷ್ಟು ಹೆಚ್ಚಾಯಿತು.

"ಅಮ್ಮ, ಬಾ. ಟೇಪಿನ ತುದಿ ಹಿಡ್ಕೋ."

"ನನ್ನ ಕಡುಬು ಒಲೆ ಮೇಲಿದೆ."

"ಹತ್ತು ನಿಮಿಷ ಅಷ್ಟೇ."

ಹತ್ತು ನಿಮಿಷವಲ್ಲ, ಒಂದೂವರೆ ಗಂಟೆ ಹಿಡಿಯಿತು. ಚಾಸಿಯ ನಾಲ್ಕು ಮೂಲೆಯಿಂದ ದಾರ ಇಳಿಬಿಟ್ಟು, ಗುಂಡು ನಿಂತಲ್ಲೆಲ್ಲ ನೆಲದ ಮೇಲೆ ಸುಣ್ಣದ ಗುರುತು ಹಾಕಿ, ಗುರುತಿಂದ ಗುರುತಿಗೆ ಗೀಟು ಎಳೆದರು. ಕರ್ಣ ಎರಡೂ ಸಮ. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಕೆಳಗೆ ಕಾಗದವೂ ತೂರುವಂತಿರಲಿಲ್ಲ. ಆಮೇಲೆ ಬಾಡಿಯ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಜಾಕಿ ಕೊಟ್ಟು ಅದನ್ನು ಚಾಸಿಯಿಂದ ಎರಡು ಬೆರಳು ಮೇಲೆತ್ತಿದಳು. ಈಗ ಚಾಸಿಯ ಹಿಡಿತವಿಲ್ಲ. ಬಲಬಾಗಿಲಿನ ಜಾಗ ಅಳೆದಳು. ಎಡದ್ದು ಅಳೆದಳು.

"ಓದಮ್ಮ."

"ಎಂಟುನೂರ ಎಪ್ಪತ್ತ್ಮೂರು."

"ಬಲಗಡೆ ಎಂಟುನೂರ ಎಂಬತ್ನಾಲ್ಕು ಇತ್ತು. ಹನ್ನೊಂದು ಮಿಲಿಮೀಟರ್ ಗಿಡ್ಡ. ಅಚ್ಚಿನಲ್ಲೇ! ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ. ನನಗೆ ಯಾಕೆ ಕಿರುಚ್ತೀಯ? ನಾನೇನು ಹನ್ನೊಂದು ಕದ್ದಿದೀನಾ?" ಎಂದು ಐರಿಸ್ ಒಲೆಯ ಕಡೆ ಓಡಿದಳು.

ಗೇನರ್ ದಾರ ಸುತ್ತುತ್ತ ಬಾನೆಟ್ಟಿನಡಿ ಬಗ್ಗಿದಾಗ ಟಾರ್ಚಿನ ಬೆಳಕು ಸ್ಟೀರಿಂಗಿನ ಜಾಯಿಂಟಿನ ಮೇಲೆ ಬಿತ್ತು. ಕಪ್ಪು ಬಣ್ಣ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಣ್ಣ ಸುಮ್ಮನೆ ಬಿರಿಯುವುದಿಲ್ಲ, ಒಳಗೆ ಏನಾದರೂ ಅಲುಗಿದರೆ ಬಿರಿಯುತ್ತದೆ. ಅವಳು ಉಗುರಿನಿಂದ ಕೆರೆದಳು. ಬಣ್ಣದಡಿ ಹೊಳೆಯುವ ತಗಡಿನ ಚೂರು ಕಂಡಿತು. ಅದರ ಮೇಲೆ ಕೆಂಪು ಅಕ್ಷರದ ಅರ್ಧ. ಬಿಯರ್ ಡಬ್ಬಿ.

ಏನಾಗಿದೆ ಎಂಬುದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಕಂಬ ಒಳಹೋಗಲೆಂದು ಹಲ್ಲುಗಳನ್ನು ಅರದಿಂದ ಉಜ್ಜಿದ್ದ. ಕಣ್ಣು ಕಾಣದೆ ಹೆಚ್ಚು ಉಜ್ಜಿದ್ದ. ಸಡಿಲವಾದದ್ದನ್ನು ಬಿಯರ್ ಡಬ್ಬಿಯ ತಗಡು ಸುತ್ತಿ, ಸುತ್ತಿಗೆಯಿಂದ ಹೊಡೆದು ಕೂರಿಸಿದ್ದ. ಅಡ್ಡ ಬೋಲ್ಟು ಕಂಬದ ಕಚ್ಚಿಗೆ ಬಿದ್ದೇ ಇರಲಿಲ್ಲ, ಪಕ್ಕದಲ್ಲಿ ತೂರಿಹೋಗಿತ್ತು. ಎಳೆಯ ಕೆಲಸದವನು ಹೀಗೆ ಮಾಡಿದ್ದರೆ ಹಾರೇಸ್ ಪಿಕ್‌ವರ್ತ್ ಅವನನ್ನು ಕಾರ್ಖಾನೆಯಿಂದ ಹೊರಹಾಕಿಸುತ್ತಿದ್ದ.

ಹಾರೇಸ್ ನಾಲ್ಕು ಗಂಟೆಯ ಬಸ್ಸಿಗೆ ಬಂದ. ಕಣ್ಣಿಗೆ ಹನಿ ಹಾಕಿದ್ದರಿಂದ ಕಪ್ಪು ಕನ್ನಡಕ ಕೊಟ್ಟಿದ್ದರು. ಗ್ಯಾರೇಜಿನಲ್ಲಿ ಯಾರೋ ಇರುವುದು ಗೊತ್ತಾಗಿ ಹೊಸಿಲಲ್ಲೇ ನಿಂತ.

"ಯಾರದು?"

"ನಾನು."

"ಇವತ್ತು ಭಾನುವಾರ ಅಲ್ಲ."

"ವಿಲ್ಫ್ ಹತ್ರ ಏನು ಹೇಳ್ದೆ ಅಂತ ಕೇಳೋಕೆ ಬಂದೆ."

"ಇದ್ದಿದ್ದು ಹೇಳ್ದೆ."

"ಇದ್ದಿದ್ದು ನೆಲದ ಮೇಲೆ ಬರೆದಿದೀನಿ, ಬಾ. ಚಾಸಿ ನೆಟ್ಟಗಿದೆ. ನಿನ್ನ ಮಾತಿನಿಂದ ನನ್ನ ತಳದ ಕೆಲಸ ಹೋಯ್ತು, ಗೊತ್ತಾ? ಹದಿನೈದು ವರ್ಷದ ಹೆಸರು ಒಂದು ಗ್ಲಾಸು ಬಿಯರಿನಲ್ಲಿ ಮುಳುಗಿಸ್ದೆ."

ಹಾರೇಸ್ ನೆಲದ ಕಡೆ ಮುಖ ಮಾಡಿದ. ಸುಣ್ಣದ ಗೀಟಿನ ಮೇಲೇ ಕಾಲಿಟ್ಟಿದ್ದ. "ನನ್ನ ಗ್ಯಾರೇಜಿಗೆ ನನ್ನ ಕೇಳದೆ ಬರಬಾರದು. ಇನ್ನೊಬ್ಬರ ಕೆಲಸ ಮುಟ್ಟಬಾರದು. ಇಷ್ಟೂ ಕಲಿಸಲಿಲ್ವಾ ನಿನಗೆ ಆ ದೋಣಿಯೋರು?"

"ಸರಿ. ಹಂಗಾದ್ರೆ ನಿನ್ನ ಕೆಲಸ ನೀನೇ ಮುಟ್ಟು." ಅವಳು ಅವನ ಕೈ ಹಿಡಿದು ಬಾನೆಟ್ಟಿನೊಳಗೆ ಎಳೆದು ಜಾಯಿಂಟಿನ ಮೇಲೆ ಇಟ್ಟಳು. "ಹಿಡ್ಕೊಂಡಿರು."

"ಬಿಡೇ ಕೈ!"

"ಹಿಡ್ಕೋ ಅಂದೆ!"

ಅವಳು ಸೀಟಿಗೆ ಹಾರಿ ಕುಳಿತು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುವಿದಳು. ಮುಂದಿನ ಚಕ್ರ ನೆಲ ಕೆರೆಯುತ್ತ ಸ್ವಲ್ಪ ತಿರುಗಿತು. ಬಲಕ್ಕೆ ತಿರುವಿದಳು. ಮತ್ತೆ ಎಡಕ್ಕೆ, ಮೈಭಾರವನ್ನೆಲ್ಲ ಹಾಕಿ. 'ಕಟಕ್' ಎಂದಿತು. ಆಮೇಲೆ ಸ್ಟೀರಿಂಗು ಹಗುರಾಯಿತು. ಅವಳು ಒಂದು ಬೆರಳಿನಲ್ಲಿ ಅದನ್ನು ಸುತ್ತಿಸಿದಳು. ಅದು ಗಾಳಿಗಿರಣಿಯ ಹಾಗೆ ಸುತ್ತಿತು. ಚಕ್ರಗಳು ಇದ್ದಲ್ಲೇ ಇದ್ದವು.

ಹಾರೇಸನ ಕೈ ಇನ್ನೂ ಜಾಯಿಂಟಿನ ಮೇಲಿತ್ತು. ಕಂಬ ಅವನ ಬೆರಳುಗಳ ನಡುವೆ ಒಳಗೊಳಗೇ ತಿರುಗುವುದು ಅವನಿಗೆ ಗೊತ್ತಾಗಿತ್ತು.

"ಇನ್ನು ಹತ್ತು ದಿನಕ್ಕೆ ಕಾರನ್ನ ರಸ್ತೆಗೆ ಬಿಡೋ ಸರ್ಕಾರದ ಪರೀಕ್ಷೆ ಇಟ್ಕೊಂಡಿದೀಯ," ಎಂದಳು ಗೇನರ್. "ಪರೀಕ್ಷೆ ಮಾಡೋನು ಬರೀ ಬಣ್ಣ ನೋಡಿ ಪಾಸು ಮಾಡಿಬಿಟ್ಟಿದ್ರೆ? ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ಬಾರ್‌ಮತ್ ದಾರಿಯ ಘಾಟಿ ಇಳೀತಿದ್ದೆ. ಕಾಣದ ಕಣ್ಣಲ್ಲಿ."

"ಯಾರು ಹೇಳಿದ್ದು ನನಗೆ ಕಾಣಲ್ಲ ಅಂತ?"

"ನಾನು," ಎಂದಳು ಐರಿಸ್. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಹಾರೇಸ್, ನಲವತ್ತೈದು ವರ್ಷ ನಿನ್ನ ಜೊತೆ ಸಂಸಾರ ಮಾಡಿ ಸಾಯ್ಲಿಲ್ಲ. ಬಿಯರ್ ಡಬ್ಬಿಯಿಂದ ಸಾಯೋದು ಬೇಡ. ಬಾರ್‌ಮತ್‌ಗೆ ನಾನು ಬಸ್ಸಲ್ಲಿ ಹೋಗ್ತೀನಿ."

ಹಾರೇಸ್ ಜಾಯಿಂಟಿನಿಂದ ಕೈ ತೆಗೆದ. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣುವಂತಿರಲಿಲ್ಲ. "ಇಬ್ರೂ ಹೊರಗೆ ಹೋಗಿ," ಎಂದ. ಅವರು ಕದಲದೆ ನಿಂತಾಗ "ಹೋಗಿ!" ಎಂದು ಕೂಗಿ, ಕೈಗೆ ಸಿಕ್ಕ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಿದ. ತಿರುಗುಮೊಳೆಗಳು ಸುಣ್ಣದ ಗೀಟುಗಳ ಮೇಲೆಲ್ಲ ಚೆಲ್ಲಾಡಿದವು.

ಆಮೇಲೆ ಐದು ಭಾನುವಾರ ಗೇನರ್ ತೌರಿಗೆ ಹೋಗಲಿಲ್ಲ. ಪರೀಕ್ಷೆಯ ದಿನ ಬಂದು ಹೋಯಿತು. ಐರಿಸ್ ಒಮ್ಮೆ ಫೋನು ಮಾಡಿ, "ಇಡೀ ದಿನ ಗ್ಯಾರೇಜಲ್ಲಿ ಕೂತಿರ್ತಾನೆ. ಏನೂ ಸದ್ದು ಬರಲ್ಲ. ಸುತ್ತಿಗೆ ಸದ್ದೇ ಚೆನ್ನಾಗಿತ್ತು," ಎಂದಳು. ಗೇನರ್, "ಕೂತಿರ್ಲಿ," ಎಂದು ಇಟ್ಟುಬಿಟ್ಟಳು. ಯಾರ್ಡಿನಲ್ಲಿ ಅವಳಿಗೆ ಬೇಲಿ ಕಂಬಿಯಂಥ ಸಣ್ಣಪುಟ್ಟ ಕೆಲಸವೇ ಗತಿಯಾಗಿತ್ತು.

ಆರನೆಯ ವಾರದ ಶುಕ್ರವಾರ ಬೆಳಗ್ಗೆ ಅವಳು ಒಂದು ದೋಣಿಯ ಮೂತಿಗೆ ಪಟ್ಟಿ ಬೆಸೆಯುತ್ತಿದ್ದಾಗ ಯಾರ್ಡಿನ ಗೇಟಿನಲ್ಲಿ ಅಪ್ಪ ಕಾಣಿಸಿದ. ಟೈ ಕಟ್ಟಿದ್ದ. ಕಂಕುಳಲ್ಲಿ ಹಳೆಯ ಪರದೆಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಎರಡು ಬಸ್ಸು ಬದಲಿಸಿ ಅದನ್ನು ಹೊತ್ತುಕೊಂಡು ಬಂದಿದ್ದ. ಉಕ್ಕಿನ ತುಂಡುಗಳ ನಡುವೆ ಪಾದದಿಂದ ತಡವರಿಸುತ್ತ ನಡೆದು ಬಂದ.

ಎನಾಕ್ ಎದುರು ಹೋಗಿ, "ಯಾರು ಬೇಕಿತ್ತು ಯಜಮಾನ್ರೆ?" ಎಂದ.

"ಪಿಕ್‌ವರ್ತ್. ಅವಳಪ್ಪ."

"ಓಹೋ! ಬಾಳೆಹಣ್ಣು ಕಾರಿನೋರು."

"ಚಾಸಿಗೆ ಏನೂ ಆಗಿಲ್ಲ," ಎಂದ ಹಾರೇಸ್. ಬೈಯುವವನ ದನಿಯಿತ್ತು. "ಬಾಡಿ ಗಿಡ್ಡ. ಇಂಚಿನ ಹದಿನಾರರಲ್ಲಿ ಏಳು ಭಾಗ. ನನ್ನ ಹೆಂಡ್ತಿ ಕೈಲಿ ಮೂರು ಸಲ ಓದಿಸಿದೀನಿ. ವಿಲ್ಫ್‌ಗೂ ಹೇಳಿದೀನಿ. ನೀನೂ ಕಿವೀಲಿ ಇಟ್ಕೋ."

ಎನಾಕ್ ಟೋಪಿಯನ್ನು ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ.

ಗೇನರ್ ಬೆಸುಗೆ ನಿಲ್ಲಿಸಲಿಲ್ಲ. ಪಟ್ಟಿಯ ಕೊನೆಯ ಅಂಗುಲದವರೆಗೂ ಅದೇ ನಿಧಾನದಲ್ಲಿ ಎಳೆದು, ಮುಖವಾಡ ಎತ್ತಿ, ಆಮೇಲೆ ಅಪ್ಪನ ಕಡೆ ತಿರುಗಿದಳು. ಅವನು ಅಷ್ಟು ಹೊತ್ತೂ ಗಂಟು ಹಿಡಿದುಕೊಂಡು ನಿಂತೇ ಇದ್ದ.

"ಏನು?"

"ಬಾಗಿಲಿನ ಮೇಲಿನ ತಿರುಗಣಿ ನೀನು ಕೂರಿಸಿದ್ದು ಸರಿಯಿಲ್ಲ. ಅದನ್ನ ಹೇಳೋಕೇ ಬಂದೆ."

"ಹೇಳಿದ್ದಾಯ್ತಲ್ಲ. ಇನ್ನೇನು?"

ಹಾರೇಸ್ ಪರದೆಬಟ್ಟೆ ಬಿಚ್ಚಿದ. ಒಳಗೆ ಬೇರೊಂದು ಸ್ಟೀರಿಂಗ್ ಕಂಬ, ಗುಜರಿಯಿಂದ ತಂದದ್ದು. ತುದಿಯ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದಿದ್ದ. ಅರ ಮುಟ್ಟಿರಲಿಲ್ಲ.

"ಲೆಸ್ಟರ್‌ನವರು ಹಲ್ಲು ಎಷ್ಟು ಅಂತ ಕೇಳ್ತಾರೆ," ಎಂದ. "ನಿಮ್ಮಮ್ಮ ಒಂದು ಸಲ ಮೂವತ್ನಾಲ್ಕು ಅಂತಾಳೆ, ಒಂದು ಸಲ ಮೂವತ್ತೇಳು ಅಂತಾಳೆ. ಅವಳಿಗೆ ಲೆಕ್ಕ ಬರಲ್ಲ."

ಗೇನರ್ ಕೈಗವಸು ಕಳಚಿ ಬೆಲ್ಟಿಗೆ ಸಿಕ್ಕಿಸಿದಳು. ಕಂಬವನ್ನು ಇಸಕೊಂಡು ಬೆಳಕಿಗೆ ಹಿಡಿದು, ಹಲ್ಲಿಂದ ಹಲ್ಲಿಗೆ ಉಗುರು ದಾಟಿಸುತ್ತ ತುಟಿಯಲ್ಲೇ ಎಣಿಸಿದಳು.

"ಮೂವತ್ತಾರು."

"ಮತ್ತೆ ಎಣಿಸು."

"ಮೂವತ್ತಾರೇ ಅಪ್ಪ."

"ಎಲ್ಲಿಂದ ಶುರು ಮಾಡ್ದೆ ಅಂತ ಗುರುತು ಇಟ್ಕೊಂಡಿದ್ಯಾ? ಇಲ್ಲ ತಾನೆ? ಮತ್ತೆ ಎಣಿಸು."

ಅವಳು ಅವನನ್ನು ದಿಟ್ಟಿಸಿದಳು. ಆಮೇಲೆ ಅವನ ಬಲಗೈ ಹೆಬ್ಬೆರಳನ್ನು ಹಿಡಿದು, ಅದರ ಉಗುರನ್ನು ಒಂದು ಹಲ್ಲಿನ ಸಂದಿಗೆ ಒತ್ತಿ ಇಟ್ಟಳು.

"ಇಲ್ಲಿ ಹಿಡ್ಕೋ. ಅಲ್ಲಾಡ್ಬೇಡ."

ಆಚೆ ಬದಿಯಲ್ಲಿ ಯಾರೋ ಗ್ರೈಂಡರ್ ಶುರು ಮಾಡಿದರು. ಅದರ ಸದ್ದಿನ ಮೇಲೆ ಕೇಳಿಸಲೆಂದು ಗೇನರ್ ದನಿಯೆತ್ತಿ ಎಣಿಸತೊಡಗಿದಳು, ಒಂದು, ಎರಡು, ಮೂರು. ಅವಳ ಉಗುರು ನಿಧಾನವಾಗಿ ಕಂಬದ ಸುತ್ತ ಸರಿಯುತ್ತ ಹೋಯಿತು. ಹಾರೇಸ್ ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದ. ಒತ್ತಿ ಹಿಡಿದು ಹಿಡಿದು ಅವನ ಹೆಬ್ಬೆರಳಿನ ತುದಿ ಬೆಳ್ಳಗಾಗಿತ್ತು.